ಡೀನ್ ಆಗಿ ನಾನು ಮಾಡಿದ್ದು, ಮಾಡಿಸಿದ್ದು

ಡೀನ್ ಎಂದರೆ ದೊಡ್ಡ ಅಧಿಕಾರ ಎಂದು ಹೊರಗಿನವರು ತಿಳಿಯುತ್ತಾರೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಆದೇಶ ಹೊರಡುವುದು ಕುಲಸಚಿವರ ಸಹಿಯಲ್ಲಿ, ಪರೀಕ್ಷೆ ನಡೆಯುವುದು ಮೌಲ್ಯಮಾಪನ ಕುಲಸಚಿವರ ಉಸ್ತುವಾರಿಯಲ್ಲಿ, ದುಡ್ಡಿನ ಕಡತ ಹೋಗುವುದು ಹಣಕಾಸು ಅಧಿಕಾರಿಯ ಮೇಜಿಗೆ. ಹಿರಿತನದ ಸರದಿಯಲ್ಲಿ ಬರುವ ಡೀನ್ ಪಾಲಿಗೆ ಉಳಿಯುವುದು ನಿಕಾಯದ, ಎಂದರೆ ಒಂದೇ ಬಗೆಯ ವಿಷಯಗಳ ವಿಭಾಗಗಳು ಸೇರಿದ ಕೂಟದ, ಸಭೆ. ಪಾಠವನ್ನೂ ಬಿಡುವಂತಿಲ್ಲ. ಬಳ್ಳಾರಿಯಲ್ಲಿ ಸಮಾಜ ವಿಜ್ಞಾನ ನಿಕಾಯದ ಹೊಣೆ ನನಗೆ ಬಂದಾಗ ಆ ಸಭೆಯನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಕಾಲವೂ ಹಾಗೇ ಇತ್ತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಪದವಿ ಪಠ್ಯಕ್ರಮ ಬದಲಾಗಿತ್ತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ ಎಂದು ಸರ್ಕಾರ ಹೇಳಿತು. ಪಠ್ಯಕ್ರಮ ಅಧ್ಯಯನ ಮಂಡಳಿಯಲ್ಲಿ ಸಿದ್ಧವಾಗಿ, ನಿಕಾಯ ದಾಟಿ, ವಿದ್ಯಾವಿಷಯಕ ಪರಿಷತ್ತಿಗೆ ಹೋಗಬೇಕು. ಸಮಯವಿಲ್ಲದಾಗ ಕುಲಪತಿಗಳ ಒಪ್ಪಿಗೆ ಪಡೆದು ಆಮೇಲೆ ಘಟನೋತ್ತರ ಅನುಮೋದನೆ ಪಡೆಯುವ ದಾರಿಯೂ ಇದೆ. ತುರ್ತಿಗೆ ಇರುವ ದಾರಿ ರೂಢಿಯಾಗಿಬಿಟ್ಟರೆ ಪಠ್ಯಕ್ರಮವನ್ನು ಯಾರೂ ಓದುವುದಿಲ್ಲ. ಓದದೆ ಕಳಿಸಿದ್ದು ಕೊನೆಗೆ ಸಿರುಗುಪ್ಪದ ಯಾವುದೋ ಕಾಲೇಜಿನ ಅತಿಥಿ ಉಪನ್ಯಾಸಕರ ತಲೆಗೆ ಬರುತ್ತದೆ.

ಹಾಗಾಗಿ ಮಂಡಳಿಗಳು ಸೇರುವ ಮೊದಲೇ ಅಧ್ಯಕ್ಷರನ್ನು ಕರೆದು ಕೂರಿಸಿದೆ. ಜೊತೆಗೆ ಸಂಡೂರು, ಸಿರುಗುಪ್ಪ, ಕುರುಗೋಡಿನ ಕಾಲೇಜುಗಳಲ್ಲಿ ನಿಜವಾಗಿ ಪಾಠ ಮಾಡುವವರನ್ನೂ ಕರೆದೆ. ಅವರಲ್ಲಿ ಹೆಚ್ಚಿನವರು ಅತಿಥಿ ಉಪನ್ಯಾಸಕರು. ಸದಸ್ಯರಲ್ಲದವರಿಗೆ ಇಲ್ಲೇನು ಕೆಲಸ ಎಂದು ಹಿರಿಯರೊಬ್ಬರು ಗೊಣಗಿದರು. ಸಭೆಗೆ ಸದಸ್ಯರಷ್ಟೇ ಬರಲಿ ಸರ್, ಚಹಾಕ್ಕೆ ಯಾರು ಬಂದರೂ ಕಾಯ್ದೆ ಅಡ್ಡಿ ಮಾಡುವುದಿಲ್ಲ ಎಂದೆ. ಪಠ್ಯಕ್ರಮದ ಪ್ರತಿ ಪತ್ರಿಕೆಗೂ ನನ್ನದು ಒಂದೇ ಪ್ರಶ್ನೆ: ಇದನ್ನು ಯಾರು ಕಲಿಸುತ್ತಾರೆ, ಯಾವ ಕನ್ನಡ ಪುಸ್ತಕ ಇಟ್ಟುಕೊಂಡು?

ಇತಿಹಾಸದವರು ಪುರಾತತ್ವದ ಐಚ್ಛಿಕ ಪತ್ರಿಕೆಯೊಂದನ್ನು ತಂದಿದ್ದರು. ಅದರಲ್ಲಿ ಹರಪ್ಪ, ಮೊಹೆಂಜೊದಾರೊ, ಉತ್ಖನನದ ವಿಧಾನಗಳು ಎಲ್ಲವೂ ಇದ್ದವು. ಊರ ಪಕ್ಕದ ಸಂಗನಕಲ್ಲು ಇರಲಿಲ್ಲ! ನವಶಿಲಾಯುಗದವರು ಕಲ್ಲಿನ ಕೊಡಲಿ ಕಡೆದ ಬೆಟ್ಟ ಅದು. ಕುಡತಿನಿಯಲ್ಲಿ ಬೂದಿದಿಬ್ಬವಿದೆ, ಅದೇ ಯುಗದವರು ಸುಟ್ಟ ಸಗಣಿಯ ಬೂದಿ ದಿಬ್ಬವಾಗಿ ನಿಂತದ್ದು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. ಅಶೋಕ ಎಂಬ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಮೊದಲ ಬಾರಿಗೆ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಮಕ್ಕಳನ್ನು ಬೆಳಿಗ್ಗೆ ಕರೆದುಕೊಂಡು ಹೋಗಿ ಮಧ್ಯಾಹ್ನದೊಳಗೆ ವಾಪಸು ಬರಬಹುದು ಎಂದು ಉಪನ್ಯಾಸಕಿಯೊಬ್ಬರು ಸಂಗನಕಲ್ಲಿನ ಬಗ್ಗೆ ಹೇಳಿದರು. ಅಧ್ಯಕ್ಷರ ಆಕ್ಷೇಪವೂ ತಳ್ಳಿಹಾಕುವಂಥದ್ದಲ್ಲ: ಮುಂದೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಹರಪ್ಪ ಬೇಕೇ ಬೇಕು. ಕೊನೆಗೆ ಹರಪ್ಪ ಉಳಿಯಿತು, ವಿಧಾನಗಳ ಘಟಕ ಸಣ್ಣದಾಯಿತು, ಸ್ಥಳ ನೋಡಿ ಬರೆದ ವರದಿಗೆ ಆಂತರಿಕ ಅಂಕ ಸೇರಿತು.

ಇದನ್ನೆಲ್ಲ ಡೀನ್ ತಿದ್ದುವಂತಿಲ್ಲ, ತಿದ್ದಲೂಬಾರದು, ಮಂಡಳಿಗೆ ಹಿಂದಿರುಗಿಸಬಹುದು. ಹಿಂದಿರುಗಿಸುವಾಗ ‘ಮರುಪರಿಶೀಲಿಸಿ’ ಎಂದಷ್ಟೇ ಬರೆದರೆ ಕಡತ ತಿಂಗಳುಗಟ್ಟಲೆ ಮಲಗುತ್ತದೆ. ‘ಮೂರನೆಯ ಘಟಕಕ್ಕೆ ಕನ್ನಡದಲ್ಲಿ ಪುಸ್ತಕವಿಲ್ಲ, ಸೂಚಿಸಿ ಅಥವಾ ಘಟಕ ಬದಲಿಸಿ’ ಎಂದು ಟಿಪ್ಪಣಿ ಬರೆದು, ಸಂಜೆ ಅಧ್ಯಕ್ಷರಿಗೆ ಫೋನ್ ಮಾಡುತ್ತಿದ್ದೆ. ಫೋನ್ ಮಾಡದೆ ಟಿಪ್ಪಣಿ ಮಾತ್ರ ಕಳಿಸಿದರೆ ಪ್ರಾಧ್ಯಾಪಕರಿಗೆ ಅವಮಾನವಾಗುತ್ತದೆ. ನನಗೂ ಆಗುತ್ತಿತ್ತು.

ಸಂಶೋಧನಾ ಸಮಿತಿ, ಸಂದರ್ಶನ ಸಮಿತಿಗಳಲ್ಲಿ ಕುಳಿತು ಎದ್ದದ್ದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ.

ಅರ್ಥಶಾಸ್ತ್ರದಲ್ಲಿ ಮಾತ್ರ ಈ ಪಟ್ಟು ನಡೆಯಲಿಲ್ಲ. ಸಂಖ್ಯಾಶಾಸ್ತ್ರದ ಪತ್ರಿಕೆಯನ್ನು ಕಂಪ್ಯೂಟರ್ ಮೇಲೆ ಕಲಿಸಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದರು. ಬಂದಿದ್ದವರ ಕಾಲೇಜುಗಳಲ್ಲಿ ಅದಕ್ಕೆ ಬೇಕಾದಷ್ಟು ಯಂತ್ರಗಳಿರಲಿಲ್ಲ. ಕೊಡಿಸುವ ಅಧಿಕಾರ ನನಗಿರಲಿಲ್ಲ. ಪತ್ರ ಬರೆದೆ, ಅನುದಾನ ಬಂದಾಗ ಪರಿಶೀಲಿಸಲಾಗುವುದು ಎಂಬ ಉತ್ತರ ಬಂತು. ಮಂಡಳಿಯವರು ಆ ಪತ್ರಿಕೆಯನ್ನು ಆರನೆಯ ಸೆಮಿಸ್ಟರಿಗೆ ದೂಡಿದರು, ಅಷ್ಟರೊಳಗೆ ಏನಾದರೂ ಬರಬಹುದು ಎಂದು.