ರಾತ್ರಿಯಾದರೆ ಹಡಗುಗಳು ಮಾಯ!

ಹಡಗುಗಳು ತಾವೆಲ್ಲಿದ್ದೇವೆ, ಎಷ್ಟು ವೇಗದಲ್ಲಿದ್ದೇವೆ ಅಂತ ರೇಡಿಯೋದಲ್ಲಿ ಸಾರುತ್ತಲೇ ಇರುತ್ತವೆ, ಅದೇ ಎಐಎಸ್. ಆಂಟೆನಾಕ್ಕೆ ಟಿವಿ ಕೇಬಲ್ ಎಳೆದು ಅದನ್ನು ಹಿಡಿಯುತ್ತೇನೆ ಅಂದಾಗ ಗೆಳೆಯರು ನಕ್ಕಿದ್ದರು. ರೇಡಿಯೋ ಬಲ್ಲವರು ಇನ್ನೂ ಜಾಸ್ತಿ ನಕ್ಕರು. 50 ಓಮ್ ಕೇಬಲ್ ಇರಬೇಕಾದಲ್ಲಿ 75 ಓಮ್‌ನ ಟಿವಿ ಕೇಬಲ್ ಹಾಕುತ್ತಾನಂತೆ ಅಂತ (ಓಮ್ ಅಂದರೆ ಕೇಬಲ್ಲಿನ ವಿದ್ಯುತ್ ಗುಣದ ಅಳತೆ, ರೇಡಿಯೋದ್ದಕ್ಕೆ ಹೊಂದಬೇಕು). ಈಗ ನನ್ನ ಪುಟ್ಟ ದೋಣಿಯ ಪರದೆ ಮೇಲೆ 18 ನಾಟಿಕಲ್ ಮೈಲಿ ಆಚೆಯ ಸರಕು ಹಡಗು ಕಾಣುತ್ತದೆ. ನಕ್ಕವರಲ್ಲಿ ಇಬ್ಬರು ಅದೇ ಕೇಬಲ್ ಎಳೆದುಕೊಂಡಿದ್ದಾರೆ.

ಬರೀ ರಿಸೀವ್ ಮಾಡುವಾಗ ಓಮ್ ಹೊಂದದಿದ್ದರೆ ಹೋಗುವುದು 0.2 ಡಿಬಿ (ಡೆಸಿಬೆಲ್, ಸಿಗ್ನಲ್ ಎಷ್ಟು ಕುಗ್ಗಿತು ಅನ್ನುವ ಅಳತೆ) ಅಷ್ಟೇ. ಅದೇ ಮೊದಲು 50 ಓಮ್‌ನ ತೆಳ್ಳನೆಯ ಆರ್‌ಜಿ-58 ಕೇಬಲ್ 15 ಮೀಟರ್ ಹಾಕಿದ್ದಾಗ ಸುಮಾರು 3 ಡಿಬಿ, ಅಂದರೆ ಅರ್ಧ ಸಿಗ್ನಲ್ಲೇ ಕೇಬಲ್ಲಿನ ಪಾಲಾಗಿತ್ತು. ಟಿವಿ ಕೇಬಲ್ ಅಷ್ಟು ನುಂಗುವುದಿಲ್ಲ. ಮಿಕ್ಕಿದ್ದೆಲ್ಲ ಮಾಮೂಲಿ: ರೇಡಿಯೋ ಹಿಡಿಯುವ ಆರ್‌ಟಿಎಲ್ ಯುಎಸ್‌ಬಿ ಡಾಂಗಲ್, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಹಡಗುಗಳನ್ನು ನಕ್ಷೆ ಮೇಲೆ ತೋರಿಸುವ ಓಪನ್‌ಸಿಪಿಎನ್ ತಂತ್ರಾಂಶ. ಆಂಟೆನಾ ಅಂದರೆ 44 ಸೆಂಟಿಮೀಟರ್ ತಾಮ್ರದ ತಂತಿ.

ದುಡ್ಡು ಹಾಳಾಗಿದ್ದು ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್‌ಗೆ. ಎರಡು ಕೊಂಡೆ. ಡಾಂಗಲ್ಲಿಗೆ ಕೊಟ್ಟಿದ್ದರ ಮೂರು ಪಟ್ಟು ಹೋಯಿತು. ಹಾಕಿದ ಮೇಲೆ ಹಡಗುಗಳು ಕಮ್ಮಿಯಾದವು! ಅದು ಎಫ್‌ಎಂ ಸ್ಟೇಷನ್‌ಗಳನ್ನೂ ಹಿಗ್ಗಿಸಿತ್ತು, ಆ ಅಬ್ಬರಕ್ಕೆ ಡಾಂಗಲ್ ಕಿವುಡಾಗಿತ್ತು. ಒಂದು ತುಂಡು ಕೇಬಲ್ಲನ್ನೇ ಕವಲಿನ ಹಾಗೆ ಜೋಡಿಸಿ (ಇದಕ್ಕೆ ಸ್ಟಬ್ ಅನ್ನುತ್ತಾರೆ) ಎಫ್‌ಎಂ ತಡೆದೆ. ಅದನ್ನು ಎಐಎಸ್ ಬರುವ 162 ಮೆಗಾಹರ್ಟ್ಸ್‌ಗೆ ಅಡ್ಡಬಾರದ ಹಾಗೆ ಹೇಗೆ ಕೂರಿಸಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಆಮೇಲೆ ಶುರುವಾಯಿತು ಅಸಲಿ ತಲೆನೋವು. ಹಗಲೆಲ್ಲ ನಲವತ್ತು ಹಡಗು, ಕತ್ತಲಾದರೆ ಆರೋ ಏಳೋ. ಡಾಂಗಲ್ ತಣ್ಣಗಾಗಿ ಪಿಪಿಎಂ (ಟ್ಯೂನಿಂಗ್ ಹತ್ತು ಲಕ್ಷಕ್ಕೆ ಎಷ್ಟು ತಪ್ಪಿದೆ ಅನ್ನುವ ಅಳತೆ) ಜಾರುತ್ತಿದೆ ಅಂದುಕೊಂಡೆ. ಇಪ್ಪತ್ತು ನಿಮಿಷ ಬಿಸಿಯಾಗಲು ಬಿಟ್ಟು ಮತ್ತೆ ಅಳೆದೆ, ಸರಿಯಾಗೇ ಇತ್ತು. ಹೊಸ ಡಾಂಗಲ್ ತಂದೆ, ಅದೂ ಅಷ್ಟೇ. ಎರಡು ವಾರ ಹೀಗೇ ಕಳೆಯಿತು. ಒಂದು ಸಂಜೆ ಪರದೆ ನೋಡುತ್ತಲೇ ಕಂಬದ ತುದಿಯ ದೀಪದ ಸ್ವಿಚ್ ಒತ್ತಿದೆ. ಕಣ್ಣೆದುರೇ ಮೆಸೇಜ್‌ಗಳು ನಿಂತವು. ಆರಿಸಿದೆ, ಮತ್ತೆ ಬಂದವು. ಆಂಟೆನಾದಿಂದ ಒಂದು ಗೇಣು ದೂರದಲ್ಲಿದ್ದ ಅಗ್ಗದ ಎಲ್‌ಇಡಿ ದೀಪವೇ ಕಳ್ಳ, ಅದರ ರೇಡಿಯೋ ಗದ್ದಲದಲ್ಲಿ ಹಡಗುಗಳ ಸಿಗ್ನಲ್ ಮುಚ್ಚಿಹೋಗುತ್ತಿತ್ತು! ಎಲ್‌ಇಡಿ ದೀಪಗಳ ಈ ಕಾಟದ ಬಗ್ಗೆ ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲೇ ಎಚ್ಚರಿಸಿತ್ತಂತೆ. ನನಗೆ ತಿಳಿದಿದ್ದು ಎರಡನೇ ಡಾಂಗಲ್ ಕೊಂಡ ಮೇಲೆ.

ನಡುವೆ ಒಂದು ತಮಾಷೆ. ಸಂದೇಶ ಬಿಡಿಸಲು ಸುಮ್ನೆ ನಾನೇ ಒಂದು ಪ್ರೋಗ್ರಾಂ ಬರೆದೆ. ಮೊದಲ ದಿನವೇ ಒಂದು ಹಡಗು 91 ಡಿಗ್ರಿ ಉತ್ತರದಲ್ಲಿ, ಉತ್ತರ ಧ್ರುವವನ್ನೂ ದಾಟಿ, 102.3 ನಾಟ್ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ) ವೇಗದಲ್ಲಿ ಹೋಗುತ್ತಿತ್ತು! ಎಐಎಸ್‌ನಲ್ಲಿ ಆ ಎರಡು ಅಂಕಿಗಳೂ 'ಮಾಹಿತಿ ಇಲ್ಲ' ಅನ್ನುವುದರ ಸಂಕೇತ. ಇನ್ನೊಂದು ಹಡಗು ಲಂಗರು ಹಾಕಿದ್ದೇನೆ ಅನ್ನುತ್ತಲೇ 14 ನಾಟ್‌ನಲ್ಲಿ ಓಡುತ್ತಿತ್ತು. ಅಲ್ಲಿನವರು ಸ್ಟೇಟಸ್ ಬದಲಿಸುವುದನ್ನೇ ಮರೆತಿದ್ದರು. ಹಾಗಾಗಿ ನಾನು ಸ್ಟೇಟಸ್ ನಂಬುವುದಿಲ್ಲ, ವೇಗ ನೋಡುತ್ತೇನೆ.

ಹಡಗು ತೀರಾ ಹತ್ತಿರ ಬರುವಂತಿದ್ದರೆ ಕೂಗುವ ಅಲಾರಂ ಮೊದಲು 2 ನಾಟಿಕಲ್ ಮೈಲಿಗೆ ಇಟ್ಟಿದ್ದೆ. ಬಂದರಿನಲ್ಲಿ ಬಾಯಿ ಮುಚ್ಚಲೇ ಇಲ್ಲ, ಸಿಟ್ಟಿಗೆ ಆರಿಸಿಬಿಟ್ಟೆ. ಈಗ 12 ನಿಮಿಷದೊಳಗೆ ಅರ್ಧ ಮೈಲಿಗಿಂತ ಹತ್ತಿರ ಬರುವಂತಿದ್ದರೆ ಮಾತ್ರ ಕೂಗುತ್ತದೆ. 1 ನಾಟ್‌ಗಿಂತ ನಿಧಾನ ಇದ್ದವನ್ನು ಲೆಕ್ಕಕ್ಕೆ ಇಟ್ಟಿಲ್ಲ. 20 ನಾಟ್‌ನ ಕಂಟೇನರ್ ಹಡಗಿಗೆ ಒಂದು ಮೈಲಿ ಅಂದರೆ ಮೂರೇ ನಿಮಿಷ. ನನಗೆ ತಿರುಗಿಸಿಕೊಳ್ಳಲು 12 ಸಾಕು. ಒಮ್ಮೆ ಮಂಜಿನಲ್ಲಿ ಅಲಾರಂ ಕೂಗಿತು. ಪಕ್ಕಕ್ಕೆ ಸರಿದು ನಿಂತೆ. ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ಹಾದುಹೋಯಿತು, ಹಡಗು ಕಾಣಲೇ ಇಲ್ಲ.

ಅವರಿಗೂ ನಾನು ಕಂಡಿರಲಿಕ್ಕಿಲ್ಲ. ನನ್ನದು ಬರೀ ಕೇಳುವ ಯಂತ್ರ ತಾನೇ. ನಾನೆಲ್ಲಿದ್ದೇನೆ ಅಂತ ಬೇರೆಯವರಿಗೂ ಸಾರುವ, ಸಣ್ಣ ದೋಣಿಗಳ 2 ವ್ಯಾಟ್‌ನ ಕ್ಲಾಸ್ ಬಿ ಟ್ರಾನ್ಸ್‌ಪಾಂಡರಿಗೆ ದುಡ್ಡು ಕೂಡಿಸುತ್ತಿದ್ದೇನೆ. ಸಿಗ್ನಲ್ ಕಳಿಸುವ ಯಂತ್ರಕ್ಕೆ ಓಮ್ ಹೊಂದುವುದು ಮುಖ್ಯ, ಅದಕ್ಕೆ ಮಾತ್ರ ಟಿವಿ ಕೇಬಲ್ ಹಾಕುವುದಿಲ್ಲ.