ಹಳೆಯ ಇಂಗ್ಲಿಷ್ ಪದಗಳ ಅರ್ಥವನ್ನು ನಿಘಂಟಿನಲ್ಲಿ ಹುಡುಕುವ ಬಗೆ

ವಿಜಯಪುರ ಸೀಮೆಯ ಚರಿತ್ರೆಯನ್ನು ಓದಲು ಕುಳಿತವರು ಇಂದಲ್ಲ ನಾಳೆ 1884ರಲ್ಲಿ ಅಚ್ಚಾದ ಮುಂಬಯಿ ಪ್ರಾಂತ್ಯದ ಗೆಜೆಟಿಯರ್, ಅಂದರೆ ಜಿಲ್ಲೆಗಳ ವಿವರವನ್ನು ಕೂಡಿಸಿದ ಸರಕಾರಿ ಗ್ರಂಥದ ಬಳಿಗೆ ಬರಲೇಬೇಕು. ಅದರ 21ನೆಯ ಸಂಪುಟ ಬೆಳಗಾವಿಯದು, 23ನೆಯದು ವಿಜಯಪುರದ್ದು. ಅಂದು ಅದೇ ಜಿಲ್ಲೆಗೆ ಸೇರಿದ್ದ ಬಾಗಲಕೋಟೆ, ಬಾದಾಮಿ, ಹುನಗುಂದಗಳ ಸಂಗತಿಯೂ ಅದರಲ್ಲಿಯೇ ಇದೆ. ಆ ಕಾಲದ ಇಂಗ್ಲಿಷ್ ಮೇಲುನೋಟಕ್ಕೆ ಸರಳವಾಗಿದೆ, ಎಡವುವುದು ಅಲ್ಲಿಯೇ. ಎಂದೂ ಕಾಣದ ಪದ ಬಂದರೆ ನಾವು ನಿಘಂಟನ್ನು ತೆರೆಯುತ್ತೇವೆ. ಗೊತ್ತಿರುವಂತೆ ತೋರುವ ಪದ ಬಂದರೆ ತೆರೆಯದೆ ಮುಂದೆ ಸಾಗುತ್ತೇವೆ.

ನಾನು ಎಡವಿದ್ದು 'ಕಾರ್ನ್' ಎಂಬ ಪದದ ಮೇಲೆ. 1876ರ ಬರಗಾಲದ ಬಗ್ಗೆ ಇಂಗ್ಲಿಷಿನಲ್ಲಿದ್ದ ಒಂದು ಬರಹವನ್ನು ಕನ್ನಡಕ್ಕೆ ತರುತ್ತಾ ಅದನ್ನು ಗೋವಿನಜೋಳ ಎಂದು ಬರೆದಿದ್ದೆ. ಕರಡನ್ನು ಓದಿ ಹೇಳುವಾಗ ಹಾಸಿಗೆಯ ಮೇಲೆ ಒರಗಿದ್ದ ಸೋದರಮಾವ ಎದ್ದು ಕುಳಿತು, "ತಮ್ಮಾ, ಅವಾಗ ನಮ್ಮ ಕಡೆ ಗೊಂಜಾಳ ಯಾರ ಬಿತ್ತತಿದ್ರು? ಮಂದಿ ಉಂಡಿದ್ದು ಬಿಳಿಜ್ವಾಳದ ರೊಟ್ಟಿ" ಎಂದರು. ಆಮೇಲೆ ದೊಡ್ಡ ನಿಘಂಟನ್ನು ನೋಡಿದರೆ ಮಾತು ಸ್ಪಷ್ಟವಾಗಿತ್ತು. ಬ್ರಿಟಿಷರ ಬಳಕೆಯಲ್ಲಿ ಆ ಪದಕ್ಕೆ ಕಾಳು, ಧಾನ್ಯ ಎಂಬುದೇ ಅರ್ಥ; ಆಯಾ ಸೀಮೆಯ ಮುಖ್ಯ ಬೆಳೆಗೆ, ಅಂದರೆ ಇಂಗ್ಲೆಂಡಿನಲ್ಲಿ ಗೋಧಿಗೆ, ಸ್ಕಾಟ್ಲೆಂಡಿನಲ್ಲಿ ಓಟ್ಸ್‌ಗೆ ಅದು ಸಲ್ಲುತ್ತಿತ್ತು. ಗೋವಿನಜೋಳ ಎಂಬ ಅರ್ಥ ಬೆಳೆದದ್ದು ಅಮೆರಿಕದಲ್ಲಿ. ಅದೇ ಬರಹದಲ್ಲಿ 'ವಾಂಟ್ ಆಫ್ ರೇನ್' ಎಂದಿದ್ದರೆ ಅದು ಮಳೆ ಬೇಕೆಂಬ ಆಸೆಯಲ್ಲ, ಮಳೆಯ ಕೊರತೆ. 'ಹಸ್ಬಂಡ್‌ಮನ್' ಎಂದರೆ ಗಂಡನಲ್ಲ, ಒಕ್ಕಲಿಗ, ಬೇಸಾಯಗಾರ.

ಆದ್ದರಿಂದ ಮೊದಲು ಮಾಡಬೇಕಾದದ್ದು ನಿಘಂಟನ್ನು ತೆರೆಯುವುದಲ್ಲ, ಓದುತ್ತಿರುವ ಬರಹದ ಇಸವಿಯನ್ನು ಹಾಳೆಯ ಮೇಲ್ತುದಿಯಲ್ಲಿ ಬರೆದುಕೊಳ್ಳುವುದು. ಶೇಕ್ಸ್‌ಪಿಯರನ ಭಾಷೆಯನ್ನು ಜನ 'ಓಲ್ಡ್ ಇಂಗ್ಲಿಷ್' ಎನ್ನುವುದುಂಟು. ವಿದ್ವಾಂಸರು ಆ ಹೆಸರನ್ನು ಸುಮಾರು 1100ಕ್ಕಿಂತ ಹಿಂದಿನ ಭಾಷೆಗೆ ಮಾತ್ರ ಕೊಡುತ್ತಾರೆ, ಮತ್ತು ಅದನ್ನು ಇಂದಿನ ಇಂಗ್ಲಿಷ್ ಬಲ್ಲವನು ಕಲಿಯದೆ ಓದಲಾರ. ಅದಕ್ಕೆ ಬಾಸ್‌ವರ್ತ್ ಮತ್ತು ಟಾಲರ್ ಸಿದ್ಧಪಡಿಸಿದ ಬೇರೆಯೇ ನಿಘಂಟು ಇದೆ. 18ನೆಯ ಶತಮಾನದ ಬರಹಕ್ಕೆ 1755ರ ಜಾನ್ಸನ್ ನಿಘಂಟು ಒಳ್ಳೆಯ ಜೊತೆಗಾರ. ಓಲ್ಡ್ ಇಂಗ್ಲಿಷಿನ ಈಚಿನ ಎಲ್ಲ ಕಾಲಕ್ಕೂ ಸಲ್ಲುವುದು 1884ರಿಂದ 1928ರವರೆಗೆ ಕಂತುಕಂತಾಗಿ ಹೊರಬಂದ ಆಕ್ಸ್‌ಫರ್ಡ್ ಮಹಾನಿಘಂಟು. ಶಾಲೆಯ ಮಕ್ಕಳ ಕೈಯಲ್ಲಿರುವ ಕಿರುನಿಘಂಟು ಈ ಕೆಲಸಕ್ಕೆ ಸಾಲದು.

ಜಾನ್ಸನ್ ನಿಘಂಟನ್ನು ತೆರೆದವರಿಗೆ ಎರಡು ತೊಡಕುಗಳು ಎದುರಾಗುತ್ತವೆ. ಅದರಲ್ಲಿ ಐ ಮತ್ತು ಜೆ ಅಕ್ಷರಗಳು ಒಂದೇ ಸಾಲಿನಲ್ಲಿ ಬೆರೆತಿವೆ, ಯು ಮತ್ತು ವಿ ಕೂಡ ಹಾಗೆಯೇ. ಪದ ಸಿಗಲಿಲ್ಲವೆಂದು ಪುಸ್ತಕವನ್ನು ಮುಚ್ಚುವ ಮೊದಲು ಜೋಡಿ ಅಕ್ಷರದ ಸ್ಥಾನವನ್ನೂ ನೋಡಬೇಕು. ಎರಡನೆಯದು ಆ ಕಾಲದ ಉದ್ದನೆಯ ಎಸ್. ಅದು ಎಫ್‌ನಂತೆ ಕಾಣುವುದರಿಂದ 'ಸೇಲ್' ಎಂಬುದನ್ನು ನಮ್ಮ ಕಣ್ಣು 'ಫೇಲ್' ಎಂದು ಓದುತ್ತದೆ, ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಹುಡುಕುವ ಕಂಪ್ಯೂಟರೂ ಎಷ್ಟೋ ಸಲ ಹಾಗೆಯೇ ಓದುತ್ತದೆ. ಹುಡುಕಿದ್ದು ಸಿಗದಿದ್ದರೆ ಎಸ್ ಬದಲು ಎಫ್ ಹಾಕಿ ಇನ್ನೊಮ್ಮೆ ಹುಡುಕಿರಿ.

ಇನ್ನು ಪದದ ವಿವರಣೆಯನ್ನು ಓದುವ ಕ್ರಮ. ಕಲಿಯುವವರ ನಿಘಂಟಿನಲ್ಲಿ ಹೆಚ್ಚು ಬಳಕೆಯ ಅರ್ಥ ಮೊದಲಿರುತ್ತದೆ. ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ಅರ್ಥಗಳು ಹುಟ್ಟಿಬೆಳೆದ ಕ್ರಮದಲ್ಲಿ ಸಾಗುವುದರಿಂದ ಸಾಮಾನ್ಯವಾಗಿ ಹಳೆಯದು ಮೊದಲು ಬರುತ್ತದೆ. ಕಠಾರಿಯ ಗುರುತು (†) ಇದ್ದರೆ ಆ ಪದ ಅಥವಾ ಆ ಅರ್ಥ ಬಳಕೆಯಿಂದ ಬಿದ್ದುಹೋಗಿದೆ ಎಂದು ತಿಳಿಯಬೇಕು. ಪ್ರತಿ ಅರ್ಥದ ಕೆಳಗೆ ಇಸವಿಯೊಡನೆ ಉದಾಹರಣೆಯ ವಾಕ್ಯಗಳಿರುತ್ತವೆ. ನನ್ನ ಅನುಭವದಲ್ಲಿ ವಿವರಣೆಗಿಂತ ಆ ವಾಕ್ಯಗಳೇ ಹೆಚ್ಚು ಕಲಿಸುತ್ತವೆ. ನಿಮ್ಮ ಬರಹದ ಇಸವಿಗೆ ಹತ್ತಿರದ ಉದಾಹರಣೆ ಯಾವ ಅರ್ಥದ ಕೆಳಗಿದೆ ಎಂದು ನೋಡಿ, ಆ ಅರ್ಥವನ್ನು ಮೂಲ ವಾಕ್ಯದಲ್ಲಿ ಇಟ್ಟು ಓದಿರಿ. ಕೂಡದಿದ್ದರೆ ಮುಂದಿನ ಅರ್ಥಕ್ಕೆ ಹೋಗಿರಿ.

ಅಭ್ಯಾಸಕ್ಕೆ 'ಡಿಯರ್' ಪದವನ್ನು ನೋಡಬಹುದು. ಇಂದು ಅದು ಜಿಂಕೆ. ಮೊದಲು ಯಾವ ಪ್ರಾಣಿಗಾದರೂ ಸಲ್ಲುತ್ತಿತ್ತು. ಶೇಕ್ಸ್‌ಪಿಯರನ ಒಂದು ನಾಟಕದಲ್ಲಿ ಇಲಿ, ಹೆಗ್ಗಣಗಳನ್ನೂ 'ಸಣ್ಣ ಡಿಯರ್' ಎಂದೇ ಕರೆದಿದೆ. ನಮ್ಮ 'ಮೃಗ' ಎಂಬುದರಲ್ಲಿಯೂ ಜಿಂಕೆ ಮತ್ತು ಪ್ರಾಣಿ ಎರಡೂ ಇವೆಯಲ್ಲವೆ? 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಗಿಡಮರಗಳನ್ನು ಮನುಷ್ಯನಿಗೆ 'ಮೀಟ್' ಆಗಿ ಕೊಟ್ಟಿದೆ ಎಂಬ ಮಾತು ಬರುತ್ತದೆ. ಅಲ್ಲಿ ಅದು ಮಾಂಸವಲ್ಲ, ಆಹಾರ. 'ದೌ' ಎಂಬುದು ನಮ್ಮ 'ನೀನು' ಎಂದು ನೆನಪಿಟ್ಟರೆ ಸಾಕು.

ಹಳೆಯ ಅರ್ಥ ಪೂರಾ ಸತ್ತಿರುತ್ತದೆ ಎಂದೇನೂ ಇಲ್ಲ. ನಿಮ್ಮ ಪಾಸ್‌ಪೋರ್ಟಿನಲ್ಲಿ 'ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್' ಎಂದು ಅಚ್ಚಾಗಿದೆ. ಅಲ್ಲಿಯ 'ಲೆಟ್' ಬಿಡುವುದಲ್ಲ, ತಡೆಯುವುದು.

ಗೆಜೆಟಿಯರ್ ಓದುವವರಿಗೆ ಇನ್ನೊಂದು ನಿಘಂಟು ಕೈಯಳತೆಯಲ್ಲಿರಬೇಕು: ಭಾರತದಲ್ಲಿ ಇಂಗ್ಲಿಷರ ಬಾಯಿಗೆ ಬಂದ ಪದಗಳನ್ನು ಕೂಡಿಸಿ ಯೂಲ್ ಮತ್ತು ಬರ್ನೆಲ್ ಸಿದ್ಧಪಡಿಸಿದ, 1886ರಲ್ಲಿ ಹೊರಬಂದ 'ಹಾಬ್ಸನ್-ಜಾಬ್ಸನ್'. ಪ್ರಕಟಣೆಯ ಹಕ್ಕಿನ ಅವಧಿ ಮುಗಿದಿರುವುದರಿಂದ ಇದೂ ಜಾನ್ಸನ್ ನಿಘಂಟೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. 'ಟ್ಯಾಂಕ್' ಎಂದು ಓದಿದಾಗ ಮಾಳಿಗೆಯ ಮೇಲಿನ ನೀರಿನ ತೊಟ್ಟಿ ಕಣ್ಣ ಮುಂದೆ ಬಂದರೆ 'ಹಾಬ್ಸನ್-ಜಾಬ್ಸನ್' ತೆರೆಯಿರಿ. ವಿಜಯಪುರದ 'ಬೇಗಂ ಟ್ಯಾಂಕ್' ನಮ್ಮೂರಿನ ಮಂದಿ ಬೇಗಂ ತಾಲಾಬ್ ಎನ್ನುವ, ಆದಿಲಶಾಹಿ ಕಾಲದ ಕೆರೆ.