ಸ್ಪೋರ್ಟ್ಸ್ ಕಾರಿಗೆ ಆಲ್-ಸೀಸನ್ ಟೈರ್: ಮೊದಲು ಚಳಿ ನೋಡಿ, ಆಮೇಲೆ ಬ್ರ್ಯಾಂಡ್

ಅಕ್ಟೋಬರ್ ಬಂತೆಂದರೆ ಅಮೆರಿಕದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ‘ಮಸ್ಟಾಂಗ್‌ಗೆ ಯಾವ ಆಲ್-ಸೀಸನ್ ಟೈರ್ ಹಾಕಿಸಲಿ?’ ಆಲ್-ಸೀಸನ್ ಎಂದರೆ ಬೇಸಿಗೆ, ಮಳೆ, ಚಳಿ ಮೂರಕ್ಕೂ ಒಂದೇ ಟೈರ್. ಒಬ್ಬರು ಮಿಶೆಲಿನ್ ಅನ್ನುತ್ತಾರೆ, ಇನ್ನೊಬ್ಬರು ಕಾಂಟಿನೆಂಟಲ್ ಅನ್ನುತ್ತಾರೆ, ಮೂರನೆಯವರು ‘ಯಾವುದಾದರೂ ಹಾಕಿಸಿ, ಕಾಸ್ಟ್‌ಕೊದಲ್ಲಿ ಆಫರ್ ಇದ್ದಾಗ’ ಎಂದು ಮುಗಿಸುತ್ತಾರೆ. ಆ ಕಾರು ಯಾವ ಊರಲ್ಲಿ ಓಡುತ್ತದೆ, ಸ್ನೋ ಬಿದ್ದ ದಿನ ಹೊರಗೆ ಬರುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಉತ್ತರ ಅಲ್ಲೇ ಇದೆ.

ಹೆಜ್ಜೆ 1: ಈಗ ಇರುವ ಟೈರ್ ಯಾವುದು ನೋಡಿ

ಸ್ಪೋರ್ಟ್ಸ್ ಕಾರುಗಳಲ್ಲಿ ಹೆಚ್ಚಿನವು ಷೋರೂಮಿನಿಂದಲೇ ಸಮ್ಮರ್ ಟೈರ್ ಹಾಕಿಕೊಂಡು ಬರುತ್ತವೆ. ಟೊಯೊಟಾ ಜಿಆರ್86ರ ಪ್ರೀಮಿಯಂ ಮಾದರಿಗೆ ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಬರುತ್ತದೆ. ಎಲ್ಲ ಕಾರೂ ಹಾಗಲ್ಲ. ಈಗಿನ ಕಾರ್ವೆಟ್ ಸ್ಟಿಂಗ್‌ರೇ ಸಾದಾ ಮಾದರಿಗೆ ಕಂಪನಿಯೇ ಆಲ್-ಸೀಸನ್ ಟೈರ್ ಕೊಡುತ್ತದೆ. ಝಡ್51 ಪ್ಯಾಕೇಜ್ ತಗೊಂಡವರಿಗೆ ಮಾತ್ರ ಸಮ್ಮರ್ ಟೈರ್. ಹಾಗಾಗಿ ಸ್ಪೋರ್ಟ್ಸ್ ಕಾರಿಗೆ ಆಲ್-ಸೀಸನ್ ಹಾಕಿಸಿದರೆ ಕಾರಿಗೆ ಅವಮಾನ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ.

ಟೈರಿನ ಸೈಡ್‌ವಾಲ್, ಅಂದರೆ ಪಕ್ಕದ ಗೋಡೆಯ ಮೇಲೆ ‘ಎಂ ಪ್ಲಸ್ ಎಸ್’ ಎಂಬ ಅಚ್ಚು ಇದೆಯಾ ನೋಡಿ. ಅಂದರೆ ಕೆಸರು ಮತ್ತು ಸ್ನೋ. ಆ ಅಚ್ಚು ಇಲ್ಲದಿದ್ದರೆ ಅದು ಸಮ್ಮರ್ ಟೈರ್ ಎಂದೇ ತಿಳಿಯಿರಿ. ಡ್ರೈವರ್ ಬಾಗಿಲು ತೆರೆದರೆ ಒಳಗಿನ ಕಂಬದ ಮೇಲೊಂದು ಸ್ಟಿಕರ್ ಇರುತ್ತದೆ. ಟೈರ್ ಸೈಜು, ಎಷ್ಟು ಗಾಳಿ ಇರಬೇಕು ಎರಡೂ ಅದರಲ್ಲಿವೆ. ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೆಜ್ಜೆ 2: ನಿಮ್ಮ ಊರಿನ ಚಳಿ ಎಷ್ಟು?

ಸಮ್ಮರ್ ಟೈರಿನ ರಬ್ಬರ್ ಬಿಸಿಲಿಗೆ ಮಾಡಿದ್ದು. ಬೆಚ್ಚಗಿರುವಾಗ ರಸ್ತೆಗೆ ಅಂಟಿಕೊಂಡೇ ಓಡುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಡಬ್ಬಿಯಲ್ಲಿನ ತುಪ್ಪದ ಹಾಗೆ ಗಟ್ಟಿಯಾಗುತ್ತಾ ಹೋಗುತ್ತದೆ. ರಸ್ತೆ ಒಣಗಿದ್ದರೂ, ಸ್ನೋ ಒಂದು ಚೂರೂ ಇಲ್ಲದಿದ್ದರೂ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಒತ್ತಿದರೆ ಕಾರು ನಿಲ್ಲಲು ಜಾಸ್ತಿ ಜಾಗ ಬೇಕು. ಮೈನಸ್ 7ರ ಆಚೆಗೆ ಇನ್ನೊಂದು ಅಪಾಯ ಇದೆ. ಅಷ್ಟು ಚಳಿಯಲ್ಲಿ ಕಾರು ಓಡಿಸಿದರೆ, ಸುಮ್ನೆ ಹಿಂದೆ ಮುಂದೆ ಮಾಡಿದರೂ ಸಾಕು, ರಬ್ಬರ್ ಬಿರುಕು ಬಿಡಬಹುದು ಎಂದು ಟೈರ್ ಕಂಪನಿಗಳೇ ಎಚ್ಚರಿಸುತ್ತವೆ. ಆ ಬಿರುಕಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

ಅಂದ ಹಾಗೆ, ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ. ಅಂದರೆ ಬೆಂಗಳೂರಿನಲ್ಲಿ ಪೋರ್ಷೆ ಇಟ್ಟುಕೊಂಡವರಿಗೆ ಚಳಿಯ ಚಿಂತೆಯೇ ಇಲ್ಲ. ಅಲ್ಲಿ ನೋಡಬೇಕಾದ್ದು ಮಳೆ, ಹಂಪು, ಗುಂಡಿ. ಅದು ಬೇರೆಯೇ ಲೇಖನದ ವಿಷಯ.

ಅಮೆರಿಕದಲ್ಲಿ ಲೆಕ್ಕ ಊರಿಂದೂರಿಗೆ ಬದಲಾಗುತ್ತದೆ. ಆಸ್ಟಿನ್, ಅಟ್ಲಾಂಟಾ ಕಡೆಯವರಿಗೆ ಚಳಿಗಾಲದಲ್ಲಿ ತಣ್ಣನೆಯ ಬೆಳಗುಗಳು ಸಾಕಷ್ಟು, ಸ್ನೋ ಅಪರೂಪ. ಅವರಿಗೆ ಒಳ್ಳೆಯ ಆಲ್-ಸೀಸನ್ ಹೇಳಿ ಮಾಡಿಸಿದ್ದು. ನ್ಯೂಜೆರ್ಸಿ, ವರ್ಜೀನಿಯಾದಲ್ಲಿ ಸ್ನೋ ಬೀಳುತ್ತದೆ, ಆದರೆ ರಸ್ತೆಯನ್ನು ಬೇಗ ಗೋರಿ ಉಪ್ಪು ಹಾಕುತ್ತಾರೆ. ಮನೆಯಿಂದ ಕೆಲಸ ಮಾಡುವ ಅನುಕೂಲ ಇದ್ದರೆ, ಸ್ನೋ ಬಿದ್ದ ದಿನ ಕಾರನ್ನು ಗರಾಜಿನಲ್ಲೇ ಬಿಡಬಹುದಾದರೆ, ಅಲ್ಲಿಯೂ ಆಲ್-ಸೀಸನ್ ನಡೆಯುತ್ತದೆ. ಮಿನಿಯಾಪೊಲಿಸ್, ಬಫಲೋ ಕಡೆ ಹಿಂದಿನ ಚಕ್ರಕ್ಕಷ್ಟೇ ಎಂಜಿನ್ ಬಲ ಹೋಗುವ ಕಾರನ್ನು ಜನವರಿಯಲ್ಲೂ ದಿನಾ ಓಡಿಸುತ್ತೀರಾ? ಹಾಗಾದರೆ ಈ ಲೇಖನ ಇಲ್ಲಿಗೇ ಬಿಟ್ಟುಬಿಡಿ. ಒಂದು ಸೆಟ್ ವಿಂಟರ್ ಟೈರ್ ಬೇರೆ ರಿಮ್ಮಿನ ಜೊತೆ ತಗೊಳ್ಳಿ. ಬೇಸಿಗೆಗೆ ಸಮ್ಮರ್ ಟೈರ್, ಚಳಿಗೆ ಅದು. ಎರಡು ಸೆಟ್ ಎಂದರೆ ಎರಡು ಪಟ್ಟು ಖರ್ಚು ಅನ್ನಿಸುತ್ತದೆ. ಆದರೆ ಒಂದು ಓಡುವಾಗ ಇನ್ನೊಂದು ಸವೆಯುವುದಿಲ್ಲ ಅಲ್ವಾ?

ಬೇ ಏರಿಯಾದವರದು ವಿಚಿತ್ರ ಪಾಡು. ಊರಲ್ಲಿ ಸ್ನೋ ಇಲ್ಲ, ಆದರೆ ಡಿಸೆಂಬರ್ ರಜೆಗೆ ಎಲ್ಲರಿಗೂ ಲೇಕ್ ಟಾಹೊಗೆ ಹೋಗಬೇಕು. ದಾರಿಯಲ್ಲಿನ ಇಂಟರ್‌ಸ್ಟೇಟ್ 80ರಲ್ಲಿ ಚೈನ್ ನಿಯಮ (ಸ್ನೋದಲ್ಲಿ ಜಾರದಂತೆ ಟೈರಿಗೆ ಸರಪಳಿ ಕಟ್ಟುವ ನಿಯಮ) ಶುರುವಾದರೆ ಎರಡು ಹಂತ ನೆನಪಿಡಿ. ಆರ್-1 ಇದ್ದಾಗ ‘ಎಂ ಪ್ಲಸ್ ಎಸ್’ ಟೈರಿನಲ್ಲಿ ಸಾಗಬಹುದು, ಡಿಕ್ಕಿಯಲ್ಲಿ ಚೈನ್ ಇರಬೇಕು. ಆರ್-2 ಬಂದರೆ ಮಸ್ಟಾಂಗ್, ಮಿಯಾಟಾದಂಥ ಕಾರಿಗೆ ಚೈನ್ ಕಟ್ಟಲೇಬೇಕು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಆಲ್-ವೀಲ್-ಡ್ರೈವ್ ಗಾಡಿಗೆ ನಾಲ್ಕೂ ಕಡೆ ಸ್ನೋ ಟೈರ್ ಇದ್ದರಷ್ಟೇ ವಿನಾಯಿತಿ. ತಗ್ಗಾಗಿ ಕೂತ, ಅಗಲ ಟೈರಿನ ಕಾರುಗಳಲ್ಲಿ ಚೈನ್ ಕಟ್ಟಲು ಮಡ್‌ಗಾರ್ಡ್ ಒಳಗೆ ಜಾಗವೇ ಇರುವುದಿಲ್ಲ. ಕೆಲವು ಕಾರುಗಳ ಮ್ಯಾನುಯಲ್ಲಿನಲ್ಲೇ ಚೈನ್ ಕಟ್ಟಬೇಡಿ ಎಂದು ಬರೆದಿದೆ. ಟಾಹೊಗೆ ಹೆಂಡತಿಯ ಅಥವಾ ಗಂಡನ ಕಾರೇ ಸರಿ.

ಹೆಜ್ಜೆ 3: ಸೈಜಿನ ಅಂಕಿಗಳನ್ನು ಓದುವುದು

ಜಿಆರ್86 ಪ್ರೀಮಿಯಂ ಕಾರಿನ ಸೈಜು 215/40 ಆರ್18. ಮೊದಲ ಅಂಕಿ ಟೈರಿನ ಅಗಲ, 215 ಮಿಲಿಮೀಟರ್. 40 ಎಂದರೆ ಸೈಡ್‌ವಾಲಿನ ಎತ್ತರ ಆ ಅಗಲದ ಶೇ 40, ಅಂದರೆ 86 ಮಿ.ಮೀ. ಆರ್ ಎಂದರೆ ರೇಡಿಯಲ್, ಟೈರಿನ ಒಳಕಟ್ಟಿನ ಬಗೆ. 18 ಅಂದರೆ ರಿಮ್ಮಿನ ವ್ಯಾಸ, ಇಂಚುಗಳಲ್ಲಿ.

ಆಮೇಲೆ ಬರುವ 85 ವೈ ಎಂಬುದನ್ನು ಜನ ನೋಡುವುದೇ ಇಲ್ಲ. 85 ಎಂದರೆ ಒಂದು ಟೈರ್ 515 ಕೆ.ಜಿ. ಭಾರ ಹೊರುತ್ತದೆ. ವೈ ಎಂದರೆ ಗಂಟೆಗೆ 300 ಕಿ.ಮೀ. ವೇಗ ತಡೆಯುತ್ತದೆ. ಡಬ್ಲ್ಯು ಇದ್ದರೆ 270, ವಿ ಇದ್ದರೆ 240, ಎಚ್ ಇದ್ದರೆ 210. ‘ನಾನೇನು 240ರಲ್ಲಿ ಓಡಿಸ್ತೀನಾ?’ ಎಂದು ಕೇಳಬಹುದು. ಓಡಿಸಬೇಡಿ. ಆದರೆ ಜಾಸ್ತಿ ವೇಗಕ್ಕೆ ಮಾಡಿದ ಟೈರಿನ ಕಟ್ಟು ಸಾಮಾನ್ಯವಾಗಿ ಬಿಗಿ. ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಕಾರು ಮಾತು ಕೇಳುವುದರಲ್ಲಿ ಅದರ ಪಾಲೂ ಇದೆ. ಭಾರದ ಅಂಕಿ ಸ್ಟಿಕರಿನಲ್ಲಿರುವುದಕ್ಕಿಂತ ಕಡಿಮೆ ಇರಲೇಬಾರದು. ವೇಗದ ಅಕ್ಷರವನ್ನೂ ಇಳಿಸದಿರುವುದೇ ಒಳ್ಳೆಯದು.

ನಿಮ್ಮ ಸೈಜಿನಲ್ಲಿ ಆಯ್ಕೆ ಕಡಿಮೆ ಇದ್ದರೆ ಸ್ವಲ್ಪ ಆಚೀಚೆ ಹೋಗಬಹುದು. ಜಿಆರ್86 ಮಾಲೀಕರಲ್ಲಿ ಹಲವರು 225/40 ಆರ್18 ಹಾಕಿಸುತ್ತಾರೆ. ಅದೇ ರಿಮ್ಮಿಗೆ ಕೂರುತ್ತದೆ. ಚಕ್ರದ ಒಟ್ಟು ವ್ಯಾಸ 629ರಿಂದ 637 ಮಿ.ಮೀ.ಗೆ ಏರುತ್ತದೆ, ಶೇ 1.3ರಷ್ಟು ಮಾತ್ರ. ಶೇ 3 ದಾಟಿದರೆ ಮಾತ್ರ ಸ್ಪೀಡೋಮೀಟರ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎಲ್ಲ ಗೊಂದಲಕ್ಕೆ ಬೀಳುತ್ತವೆ. ಪೋರ್ಷೆ ಇದ್ದವರು ಸೈಡ್‌ವಾಲ್ ಮೇಲೆ ‘ಎನ್0’, ‘ಎನ್1’ ಎಂಬ ಗುರುತನ್ನೂ, ಬಿಎಂಡಬ್ಲ್ಯು ಇದ್ದವರು ನಕ್ಷತ್ರದ ಗುರುತನ್ನೂ ನೋಡಿಕೊಳ್ಳಿ. ಕಾರು ಕಂಪನಿ ಒಪ್ಪಿದ ಟೈರ್ ಎಂದು ಅದರ ಅರ್ಥ.

ಹೆಜ್ಜೆ 4: ಬೆಟ್ಟದ ಗುರುತು ಬೇಕೇ?

‘ಎಂ ಪ್ಲಸ್ ಎಸ್’ ಅಚ್ಚಿಗೆ ಯಾವ ಪರೀಕ್ಷೆಯೂ ಇಲ್ಲ. ಟ್ರೆಡ್ಡಿನ, ಅಂದರೆ ರಸ್ತೆಗೆ ತಾಗುವ ಭಾಗದ ಸಂದುಗಳ ಆಕಾರ ನೋಡಿ ಹಾಕಿಬಿಡುತ್ತಾರೆ. ನಿಜವಾಗಿ ಸ್ನೋ ಮೇಲೆ ಓಡಿಸಿ ನೋಡಿದ ಟೈರಿಗೆ ಬೇರೆ ಗುರುತಿದೆ. ಮೂರು ಶಿಖರದ ಬೆಟ್ಟ, ಅದರೊಳಗೊಂದು ಹಿಮದ ಹರಳು. ಆದರೆ ಇದನ್ನೂ ಕಣ್ಣುಮುಚ್ಚಿ ನಂಬಬೇಡಿ. ಅಮೆರಿಕದಲ್ಲಿ ಆ ಪರೀಕ್ಷೆ ನೋಡುವುದು ಸ್ನೋ ಮೇಲೆ ಕಾರು ಎಷ್ಟು ಚೆನ್ನಾಗಿ ಮುಂದಕ್ಕೆ ಹೊರಡುತ್ತದೆ ಎಂಬುದನ್ನು ಮಾತ್ರ. ಬ್ರೇಕ್ ಒತ್ತಿದಾಗ ಎಷ್ಟು ಬೇಗ ನಿಲ್ಲುತ್ತದೆ, ತಿರುವಿನಲ್ಲಿ ಹೇಗಿರುತ್ತದೆ, ಐಸ್ ಮೇಲೆ ಏನಾಗುತ್ತದೆ, ಇದ್ಯಾವುದೂ ಅದರಲ್ಲಿಲ್ಲ.

ಸ್ಪೋರ್ಟ್ಸ್ ಕಾರುಗಳಿಗೆಂದೇ ಮಾಡಿದ ಹೆಸರುವಾಸಿ ಆಲ್-ಸೀಸನ್‌ಗಳಿಗೆ ಬೆಟ್ಟದ ಗುರುತು ಇಲ್ಲ. ಮಿಶೆಲಿನ್ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4, ಕಾಂಟಿನೆಂಟಲ್ ಎಕ್ಸ್‌ಟ್ರೀಮ್ ಕಾಂಟ್ಯಾಕ್ಟ್ ಡಿಡಬ್ಲ್ಯುಎಸ್06 ಪ್ಲಸ್ ಎರಡಕ್ಕೂ ‘ಎಂ ಪ್ಲಸ್ ಎಸ್’ ಮಾತ್ರ. ಗುರುತು ಬೇಕೆಂದರೆ ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2 ಅಥವಾ ವ್ರೆಡೆಸ್ಟೈನ್ ಕ್ವಾಟ್ರಾಕ್ ಪ್ರೊ ಕಡೆ ಹೋಗಬೇಕು. ಸ್ನೋದಲ್ಲಿ ಧೈರ್ಯ ಜಾಸ್ತಿ, ಆದರೆ ಬೇಸಿಗೆಯ ತಿರುವಿನಲ್ಲಿ ಸ್ಟಿಯರಿಂಗಿನ ಚುರುಕು ಒಂದಿಷ್ಟು ಕಡಿಮೆ. ವ್ರೆಡೆಸ್ಟೈನ್ ಮೂಲತಃ ನೆದರ್‌ಲೆಂಡ್ಸಿನದು. 2009ರಲ್ಲಿ ನಮ್ಮ ಅಪೊಲೊ ಟೈರ್ಸ್ ಅದನ್ನು ಕೊಂಡುಕೊಂಡಿತು.

ಕೆಲವು ಕಡೆ ಇದು ಇಷ್ಟಾನಿಷ್ಟದ ಮಾತಲ್ಲ, ಕಾನೂನು. ಕೆನಡಾದ ಕ್ವಿಬೆಕ್‌ನಲ್ಲಿ ನೋಂದಣಿಯಾದ ಕಾರಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಬೆಟ್ಟದ ಗುರುತಿನ ಟೈರ್ ಕಡ್ಡಾಯ. ಜರ್ಮನಿಯಲ್ಲೂ ರಸ್ತೆ ಮೇಲೆ ಸ್ನೋ, ಐಸ್ ಇದ್ದಾಗ ಅದೇ ಬೇಕು. ಅಲ್ಲಿ ಹಳೆಯ ‘ಎಂ ಪ್ಲಸ್ ಎಸ್’ ಟೈರುಗಳಿಗೆ ಇದ್ದ ರಿಯಾಯಿತಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಮ್ಯೂನಿಕ್, ಮಾಂಟ್ರಿಯಲ್ ಕನ್ನಡಿಗರು ಗಮನಿಸಿ.

ಹೆಜ್ಜೆ 5: ಬಾಳಿಕೆ ಮತ್ತು ವಾರಂಟಿ

ಅಮೆರಿಕದಲ್ಲಿ ಮಾರುವ ಟೈರಿನ ಮೇಲೆ ಟ್ರೆಡ್‌ವೇರ್ ಎಂಬ ಅಂಕಿ ಇರುತ್ತದೆ. ಅಂಕಿ ಜಾಸ್ತಿ ಇದ್ದಷ್ಟೂ ನಿಧಾನ ಸವೆಯುತ್ತದೆ. ಸಮ್ಮರ್ ಟೈರಾದ ಪೈಲಟ್ ಸ್ಪೋರ್ಟ್ 4ಎಸ್‌ಗೆ 300, ಅದೇ ಕಂಪನಿಯ ಆಲ್ ಸೀಸನ್ 4ಕ್ಕೆ 540, ಡಿಡಬ್ಲ್ಯುಎಸ್06 ಪ್ಲಸ್‌ಗೆ 560. ಈ ಅಂಕಿ ಕೊಡುವುದು ಟೈರ್ ಕಂಪನಿಯೇ. ಹಾಗಾಗಿ ಬೇರೆ ಬೇರೆ ಕಂಪನಿಗಳ ಅಂಕಿ ಹೋಲಿಸಿ 20 ಜಾಸ್ತಿ, 20 ಕಡಿಮೆ ಎಂದು ಜಗಳ ಆಡುವುದರಲ್ಲಿ ಅರ್ಥವಿಲ್ಲ.

ಮೈಲೇಜ್ ವಾರಂಟಿಯಲ್ಲಿ ಒಂದು ಸಣ್ಣಕ್ಷರದ ಸಾಲು ಇದೆ, ಸ್ಪೋರ್ಟ್ಸ್ ಕಾರಿನವರೇ ಓದಬೇಕಾದ್ದು. ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4ಕ್ಕೆ 45,000 ಮೈಲಿ, ಡಿಡಬ್ಲ್ಯುಎಸ್06 ಪ್ಲಸ್‌ಗೆ 50,000 ಮೈಲಿ ಎಂದು ಜಾಹೀರಾತು ಇರುತ್ತದೆ. ಆದರೆ 2015ರಿಂದ 2023ರ ಮಸ್ಟಾಂಗ್ ಜಿಟಿಯ ಪರ್ಫಾರ್ಮೆನ್ಸ್ ಪ್ಯಾಕೇಜಿನಲ್ಲಿ ಮುಂದೆ 255, ಹಿಂದೆ 275 ಅಗಲದ ಟೈರ್. ಸೈಜು ಬೇರೆ ಇರುವುದರಿಂದ ಮುಂದಿನದನ್ನು ಹಿಂದೆ ಹಾಕಿ ತಿರುಗಿಸಲು ಆಗುವುದಿಲ್ಲ. ಅಂಥ ಕಾರಿನ ಹಿಂದಿನ ಟೈರಿಗೆ ವಾರಂಟಿ ಅರ್ಧಕ್ಕಿಳಿಯುತ್ತದೆ. 45,000 ಎಂದು ನಂಬಿ ಕೊಂಡವರಿಗೆ ಸಿಗುವುದು 22,500.

ಕಾಂಟಿನೆಂಟಲ್‌ನದು ಒಂದು ಚಂದದ ಉಪಾಯ ಇದೆ. ಟ್ರೆಡ್ ಮೇಲೆ ಡಿ, ಡಬ್ಲ್ಯು, ಎಸ್ ಎಂಬ ಅಕ್ಷರ ಕೊರೆದಿರುತ್ತಾರೆ. ಒಣ ರಸ್ತೆ, ಒದ್ದೆ ರಸ್ತೆ, ಸ್ನೋ. ಸವೆಯುತ್ತಾ ಮೊದಲು ಎಸ್ ಅಳಿಸುತ್ತದೆ. ಅಂದರೆ ಸ್ನೋಗೆ ಇನ್ನು ಆಗದು. ಡಬ್ಲ್ಯು ಹೋದರೆ ಮಳೆಯಲ್ಲಿ ಹುಷಾರು. ಬೇರೆ ಟೈರ್ ಇದ್ದವರು ನಾಣ್ಯ ಹಾಕಿ ನೋಡಿ. 25 ಸೆಂಟಿನ ನಾಣ್ಯವನ್ನು ವಾಷಿಂಗ್ಟನ್ ತಲೆ ಕೆಳಗಾಗಿ ಸಂದಿನೊಳಗೆ ಇಳಿಸಿ. ತಲೆಯ ತುದಿ ಪೂರ್ತಿ ಕಾಣಿಸಿದರೆ ಉಳಿದಿರುವುದು ಸುಮಾರು 3 ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಬಹುತೇಕ ರಾಜ್ಯಗಳಲ್ಲಿ ಕಾನೂನಿನ ಮಿತಿ 1.6 ಮಿ.ಮೀ. ಆದರೂ ಮಳೆಗೆ, ಸ್ನೋಗೆ ಅಷ್ಟರವರೆಗೆ ಕಾಯಬಾರದು.

ಹೆಜ್ಜೆ 6: ಕೊಳ್ಳುವಾಗ

ನನ್ನ ಅಭಿಪ್ರಾಯ ಕೇಳಿದರೆ, ಸ್ನೋ ಅಪರೂಪದ ಊರಿಗೆ, ಸ್ಟಿಯರಿಂಗಿನ ಖುಷಿ ಬಿಟ್ಟುಕೊಡಲು ಮನಸ್ಸಿಲ್ಲದವರಿಗೆ ಮಿಶೆಲಿನ್. ಬೆಲೆ ನೋಡಿ ಕೊಳ್ಳುವವರಿಗೆ, ಮಳೆ ಜಾಸ್ತಿ ಇರುವ ಕಡೆಗೆ ಕಾಂಟಿನೆಂಟಲ್. ವರ್ಷಕ್ಕೆ ನಾಲ್ಕಾರು ಸಲ ಸ್ನೋದಲ್ಲೂ ಹೊರಡಲೇಬೇಕಾದವರಿಗೆ ಬೆಟ್ಟದ ಗುರುತಿನ ಟೈರ್.

ಬೆಲೆ ಕೇಳುವಾಗ ಟೈರಿನ ಬೆಲೆಯಷ್ಟೇ ಕೇಳಬೇಡಿ. ಹಾಕುವ ಕೂಲಿ, ಬ್ಯಾಲೆನ್ಸಿಂಗ್, ವಾಲ್ವ್, ಹಳೇ ಟೈರ್ ವಿಲೇವಾರಿ, ತೆರಿಗೆ ಎಲ್ಲ ಸೇರಿ ಎಷ್ಟು ಎಂದು ಕೇಳಿ. ಪಂಕ್ಚರ್ ಆದರೆ ಬಿಟ್ಟಿ ರಿಪೇರಿ ಇದೆಯಾ ಅದನ್ನೂ ಕೇಳಿ. ಸ್ಪೋರ್ಟ್ಸ್ ಕಾರುಗಳಲ್ಲಿ ಬಹಳಷ್ಟಕ್ಕೆ ಸ್ಟೆಪ್ನಿಯೇ ಇರುವುದಿಲ್ಲ.

ಟೈರ್ ಬಂದ ಮೇಲೆ ಸೈಡ್‌ವಾಲಿನಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಎರಡು ಮೂರು ವರ್ಷ ಗೋದಾಮಿನಲ್ಲಿ ಕೂತ ಟೈರ್ ಕೊಟ್ಟರೆ ಹೊಸದು ಕೊಡಿ ಎಂದು ಕೇಳಲು ಸಂಕೋಚ ಬೇಡ. ನಾಲ್ಕನ್ನೂ ಒಟ್ಟಿಗೆ ಬದಲಿಸಿ. ದುಡ್ಡು ಸಾಲದೆ ಎರಡೇ ಹಾಕಿಸಿದರೆ ಹೊಸದು ಹಿಂದಕ್ಕಿರಲಿ, ಮುಂದಕ್ಕೆ ಬೇಡ. ಒದ್ದೆ ರಸ್ತೆಯಲ್ಲಿ ಹಿಂದಿನ ಟೈರ್ ಹಿಡಿತ ಬಿಟ್ಟರೆ ಕಾರು ಬುಗುರಿಯಾಗುತ್ತದೆ. ಜೊತೆಗೇ ವೀಲ್ ಅಲೈನ್‌ಮೆಂಟ್ ಮಾಡಿಸಿಬಿಡಿ.

ಹೆಜ್ಜೆ 7: ಹಾಕಿಸಿದ ಮೇಲೆ

ಮೊದಲ 500 ಮೈಲಿ ಮೆತ್ತಗೆ ಓಡಿಸಿ. ಅಚ್ಚಿನಿಂದ ತೆಗೆಯುವಾಗ ಹಚ್ಚಿದ ಜಾರುವ ಪದಾರ್ಥ ಟ್ರೆಡ್ ಮೇಲೆ ಇನ್ನೂ ಇರುತ್ತದೆ. ತೆಗೆದ ಸಮ್ಮರ್ ಟೈರ್ ಇನ್ನೂ ಚೆನ್ನಾಗಿದ್ದರೆ ಬಿಸಿಲು ತಾಗದ, ತೀರಾ ಕೊರೆಯದ ಜಾಗದಲ್ಲಿಡಿ.

ಇನ್ನು ಗಾಳಿ. ಹೊರಗೆ ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಟೈರಿನಲ್ಲಿ ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾಗುತ್ತದೆ. ಸೆಪ್ಟೆಂಬರಿನ 70 ಡಿಗ್ರಿಯಲ್ಲಿ 32 ತುಂಬಿಸಿದ್ದು ಡಿಸೆಂಬರಿನ 20 ಡಿಗ್ರಿಯ ಬೆಳಿಗ್ಗೆ 27ಕ್ಕೆ ಬಂದಿರುತ್ತದೆ. ಡ್ಯಾಷ್‌ಬೋರ್ಡಿನ ಹಳದಿ ದೀಪ ಹತ್ತುತ್ತದೆ ಬಿಡಿ ಎಂದು ಕೂರಬೇಡಿ. ಅಮೆರಿಕದ ನಿಯಮದ ಪ್ರಕಾರ ಅದು ಹತ್ತಲೇಬೇಕಾದದ್ದು ಗಾಳಿ ಶೇ 25ರಷ್ಟು ಇಳಿದ ಮೇಲೆ, ಅಂದರೆ 24ಕ್ಕೆ ಬಂದಾಗ. ಹತ್ತು ಹದಿನೈದು ಡಾಲರಿನ ಗೇಜ್ ಒಂದನ್ನು ಕಾರಿನಲ್ಲಿ ಇಟ್ಟುಕೊಂಡು, ತಿಂಗಳಿಗೊಮ್ಮೆ, ಬೆಳಿಗ್ಗೆ ಕಾರು ಹೊರಡುವ ಮೊದಲೇ ನೋಡಿ. ಒಂದೆರಡು ಮೈಲಿ ಓಡಿಸಿದ ಮೇಲೆ ನೋಡಿದರೆ ಟೈರ್ ಬಿಸಿಯಾಗಿ ಗೇಜ್ ಜಾಸ್ತಿ ತೋರಿಸುತ್ತದೆ.